ವಿಜಯಾ ಎಂಬ ಮದ್ದು ಮತ್ತು ವಿಮೆಯ ಕಾಗದ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಒಂದು ಮನೆಯ ಮಗ್ಗದ ಸದ್ದು ನಿಂತಿತೆಂದರೆ ಅಲ್ಲಿ ಹಬ್ಬವಿರಬೇಕು, ಇಲ್ಲವೆ ಬೇನೆಯಿರಬೇಕು. ಅಂಥದೊಂದು ಮನೆಯ ಹಿರಿಯರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದವರು, ನನ್ನನ್ನು ಕೇಳಿದರು: “ಭಂಗಿಯಿಂದ ಮಾಡಿದ ಔಷಧ ತಗೊಂಡ್ರ ನೋವು, ವಾಂತಿ ಕಡಿಮಿ ಆಗ್ತಾವಂತ. ಅದಕ್ಕ ವಿಮಾದವರು ರೊಕ್ಕ ಕೊಡ್ತಾರೇನ್ರಿ?” ಪ್ರಶ್ನೆ ಚಿಕ್ಕದು, ಆದರೆ ಅದರೊಳಗೆ ಮೂರು ಪ್ರಶ್ನೆಗಳಿವೆ. ಅದು ಔಷಧವೆ? ಕಾನೂನು ಅದನ್ನು ಒಪ್ಪುವುದೆ? ಹಣ ತೆರುವವರು ಯಾರು?

ಆಯುರ್ವೇದವು ಈ ಗಿಡವನ್ನು ‘ವಿಜಯಾ’ ಎಂದು ಕರೆದಿದೆ. ಜಾತಿಫಲಾದಿ ಚೂರ್ಣದಲ್ಲಿ ಅದು ಸೇರಿದೆ. ಕಲಕತ್ತೆಯಲ್ಲಿದ್ದ ವೈದ್ಯ ಓಶಾನೆಸಿ 1839ರಲ್ಲಿ ಅದರ ಗುಣಗಳನ್ನು ಕುರಿತು ಬರೆದು ಪಾಶ್ಚಾತ್ಯ ವೈದ್ಯರ ಗಮನ ಸೆಳೆದನು. ಕ್ಯಾನ್ಸರ್ ಚಿಕಿತ್ಸೆಯಿಂದಾಗುವ ವಾಂತಿಗೆ, ಇದೇ ಬಗೆಯ ಸತ್ವವುಳ್ಳ ಎರಡು ಔಷಧಗಳನ್ನು ಅಮೆರಿಕ 1985ರಲ್ಲಿ ಮಾನ್ಯ ಮಾಡಿತು. ವಿಚಿತ್ರವೆಂದರೆ ಗಾಂಜಾ, ಚರಸ್‌ಗಳನ್ನು ನಿಷೇಧಿಸಿದ ನಮ್ಮ ಮಾದಕದ್ರವ್ಯ ಕಾಯಿದೆ ಜಾರಿಗೆ ಬಂದದ್ದೂ ಅದೇ ವರ್ಷದ ನವೆಂಬರಿನಲ್ಲಿ. ಆದರೂ ಇದು ಸರ್ವರೋಗ ಪರಿಹಾರಿಯಲ್ಲ. ಬಹುಕಾಲದ ನೋವಿನ ವಿಷಯದಲ್ಲಿ ದೊರೆತಿರುವ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಹೃದಯರೋಗ, ಮನೋರೋಗ ಉಳ್ಳವರಿಗೆ ಅಪಾಯವೂ ಉಂಟು.

ಕಾನೂನಿನ ಮಾತು ಸೂಕ್ಷ್ಮವಾದುದು. ಹೂವು ಕಾಯಿಗಳುಳ್ಳ ತುದಿಯೇ ಗಾಂಜಾ. ತುದಿಯಿಂದ ಬೇರ್ಪಟ್ಟ ಎಲೆ ಆ ಕಾಯಿದೆಯ ವ್ಯಾಖ್ಯೆಯ ಹೊರಗಿದೆ. ಈ ಎಲೆಯಿಂದ, ಅಂದರೆ ಭಂಗಿಯಿಂದ, ಪರವಾನಿಗೆ ಪಡೆದವರು ಆಯುರ್ವೇದ ಔಷಧ ತಯಾರಿಸಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಅದರ ಮೇಲಿರಬೇಕು. ಹಾಗೆಂದು ಕಬ್ಬಿನ ನಡುವೆ ನಾಲ್ಕು ಗಿಡ ಬೆಳೆದುಕೊಳ್ಳುವಂತಿಲ್ಲ. ಅದಕ್ಕೆ ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಇನ್ನು ಹಣದ ಮಾತು. ಜಮಖಂಡಿ, ಮುಧೋಳ, ಬೀಳಗಿಗಳ ರೈತರಿಗೂ ನೇಕಾರರಿಗೂ ಸಹಕಾರ ಸಂಘಗಳ ಸದಸ್ಯತ್ವದಿಂದ ದೊರಕುವುದು ಯಶಸ್ವಿನಿ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಜೀವ ತಳೆದ ಯೋಜನೆ ಅದು. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಒದಗಿಸುತ್ತದೆ. ಎರಡೂ ಆಸ್ಪತ್ರೆಯ ಚಿಕಿತ್ಸೆಗಾಗಿ ಇರುವಂಥವು. ಖಾಸಗಿ ವಿಮೆಯಲ್ಲಿಯೂ ಆಯುರ್ವೇದವನ್ನು ಇತರ ಚಿಕಿತ್ಸೆಗಳಿಗೆ ಸರಿಸಮವಾಗಿ ಕಾಣಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜನವರಿಯಲ್ಲಿ ಸೂಚಿಸಿತು. ಆದರೆ ಸಾಮಾನ್ಯ ಪಾಲಿಸಿ ಹಣ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದವನಿಗೆ. 2020ರಲ್ಲಿ ಬಂದ ಆರೋಗ್ಯ ಸಂಜೀವನಿಯೂ ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ವೆಚ್ಚವನ್ನಷ್ಟೆ ಕೂಡಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಮನೆಯಲ್ಲಿ ನುಂಗುವ ಔಷಧ, ಅದು ಭಂಗಿಯದಾಗಲಿ ಬೇರೆಯದಾಗಲಿ, ರೋಗಿಯ ಕಿಸೆಯದೇ ಲೆಕ್ಕ.

ಜರ್ಮನಿಯಲ್ಲಿ 2017ರಿಂದ, ಗಂಭೀರ ವ್ಯಾಧಿಯುಳ್ಳವರಿಗೆ ವೈದ್ಯರು ಬರೆದುಕೊಟ್ಟರೆ, ಸಾರ್ವಜನಿಕ ವಿಮಾ ನಿಧಿಗಳೇ ಈ ಔಷಧದ ವೆಚ್ಚ ಭರಿಸುತ್ತವೆ. ಅಲ್ಲಿ ವಿಮೆ ರೋಗಿಯೊಡನೆ ಮನೆಯವರೆಗೂ ಬರುತ್ತದೆ. ನಮ್ಮಲ್ಲಿ ಅದು ಆಸ್ಪತ್ರೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಚರ್ಚೆಯಾಗಬೇಕಾದದ್ದು ಈ ಅಂತರ. ಒಂದು ಗಿಡದ ಪರ–ವಿರೋಧದ ಗದ್ದಲದಲ್ಲಿ ಅದು ಮರೆಯಾಗಬಾರದು.

ಆ ಹಿರಿಯರಿಗೆ ನಾನು ಹೇಳಿದ್ದಿಷ್ಟು: ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಈ ಮಾತು ತಿಳಿಸಿರಿ. ವಾಂತಿಗೆ ಬೇರೆ ಒಳ್ಳೆಯ ಔಷಧಗಳಿವೆ. ತೀವ್ರ ನೋವಿಗೆ ಮಾರ್ಫಿನ್ ಇದೆ. ಅದು ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯಿದೆಯನ್ನು ತಿದ್ದಲಾಗಿದೆ. ಕೇಳಲು ಸಂಕೋಚಪಡಬೇಡಿರಿ. ವಿಮೆಯ ಕಾಗದಕ್ಕೆ ಸಹಿ ಮಾಡುವ ಮುನ್ನ, ಏನು ಸಿಗುತ್ತದೆ ಎಂಬುದರ ಜೊತೆಗೆ ಏನು ಸಿಗುವುದಿಲ್ಲ ಎಂಬ ಪುಟವನ್ನೂ ಮಗನಿಂದ ಓದಿಸಿ ಕೇಳಿರಿ.

ಅವರು ಎಲ್ಲವನ್ನೂ ಕೇಳಿ, ನಿಂತ ಮಗ್ಗದ ಕಡೆ ನೋಡಿ ನುಡಿದರು: “ಬ್ಯಾನಿ ದವಾಖಾನ್ಯಾಗ ಮುಗೀಲಿಲ್ರಿ, ನನ್ನ ಕೂಡ ಮನಿಗೆ ಬಂತು.” ವಿಮೆಯ ನಿಯಮ ಬರೆಯುವವರ ಕಿವಿಗೆ ತಲುಪಬೇಕಾದ ಮಾತಿದು.