ಸೂಕ್ಷ್ಮ ಪ್ಲಾಸ್ಟಿಕ್ ಮಾಲಿನ್ಯ: ಯುವ ವಿಜ್ಞಾನಿಗಳ ಮುಂದಿರುವ ಸವಾಲುಗಳು



5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಕಣಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯಲಾಗುತ್ತದೆ. ಇಂತಹ ಕಣಗಳು ಕಡಲಿನಲ್ಲಿ ಶೇಖರವಾಗುತ್ತಿರುವ ಸಂಗತಿಯನ್ನು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಮ್ಸನ್ ಹಾಗೂ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನವು ಜಗತ್ತಿನ ಗಮನಕ್ಕೆ ತಂದಿತು. ಶಾಸ್ತ್ರವು ಹೊಸದು, ಅದರಲ್ಲಿ ದುಡಿಯುತ್ತಿರುವ ಅನೇಕರು ಸಂಶೋಧನೆಯ ಮೊದಲ ಮೆಟ್ಟಿಲಿನಲ್ಲಿರುವ ತರುಣ ತರುಣಿಯರು. ಅವರ ತೊಡಕುಗಳನ್ನು ತಿಳಿಯುವುದು ನಮ್ಮ ನೀರಿನ ಮತ್ತು ಆಹಾರದ ಸ್ಥಿತಿಯನ್ನು ತಿಳಿಯುವುದರ ಒಂದು ಭಾಗವೇ ಆಗಿದೆ.

ಕನ್ನಡಿಗರಿಗೆ ಚಿರಪರಿಚಿತವಾದ ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ನಿದರ್ಶನವನ್ನೇ ತೆಗೆದುಕೊಳ್ಳೋಣ. ಸಹ್ಯಾದ್ರಿಯಲ್ಲಿ ಹುಟ್ಟುವ ಉಲ್ಲಾಸ್ ನದಿಯು ಕರ್ಜತ್, ಬದ್ಲಾಪುರ, ಕಲ್ಯಾಣ, ಡೊಂಬಿವಲಿಗಳನ್ನು ಹಾದು ವಸಯಿಯ ಬಳಿ ಕಡಲನ್ನು ಸೇರುತ್ತದೆ. ಅಂಬರನಾಥ ಮತ್ತು ಉಲ್ಲಾಸನಗರಗಳ ಕೊಳೆಯನ್ನು ಹೊತ್ತ ವಾಲಧುನಿ ನದಿಯು ಕಲ್ಯಾಣದ ಬಳಿ ಅದನ್ನು ಕೂಡಿಕೊಳ್ಳುತ್ತದೆ. ಇತ್ತ ಸ್ಥಳೀಯರು ಖಾಡಿ ಎಂದು ಕರೆಯುವ ಥಾಣೆಯ ಕಡಲ ತೋಳಿನ ಒಂದು ದಡದಲ್ಲಿ ಮುಂಬಯಿ, ಇನ್ನೊಂದು ದಡದಲ್ಲಿ ನವಿ ಮುಂಬಯಿ ಮತ್ತು ಥಾಣೆ-ಬೇಲಾಪುರ ಕೈಗಾರಿಕಾ ಪ್ರದೇಶ. ಈ ಖಾಡಿಯ ಒಂದು ಭಾಗವು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಖಾಡಿಗೆ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಹಕ್ಕಿಗಳಂತೆಯೇ ಕೋಳಿ ಮೀನುಗಾರ ಸಮುದಾಯವೂ ಈ ನೀರನ್ನು ನಂಬಿ ಬದುಕುತ್ತಿದೆ.

ಯುವ ಸಂಶೋಧಕನ ಮೊದಲ ಸವಾಲು ಮಾದರಿಯ ಸಂಗ್ರಹ. ಖಾಡಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವಿಳಿತ ಉಂಟಾಗುತ್ತದೆ. ಕಾಂಡ್ಲಾ ಗಿಡಗಳ ನಡುವಿನ ಕೆಸರನ್ನು ತೆಗೆಯಲು ಇಳಿತದ ಕೆಲವೇ ಗಂಟೆಗಳು ಲಭ್ಯ. ಬೇಸಿಗೆಯ ನೀರಿಗೂ ಮಳೆಗಾಲದ ಪ್ರವಾಹಕ್ಕೂ ಅಜಗಜಾಂತರವಿರುವುದರಿಂದ ಎಲ್ಲ ಋತುಗಳಲ್ಲಿಯೂ ಮಾದರಿ ಬೇಕು. ಅಭಯಾರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಅವಶ್ಯಕ. ಅನುಮತಿ ತಡವಾಗಿ ಒಂದು ಮುಂಗಾರು ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ.

ಎರಡನೆಯದು ಪ್ರಯೋಗಾಲಯದ ಸವಾಲು. ಕೆಸರನ್ನು ಗಾಢವಾದ ಉಪ್ಪಿನ ದ್ರಾವಣದಲ್ಲಿ ಕಲಕಿದಾಗ ಹಗುರವಾದ ಪ್ಲಾಸ್ಟಿಕ್ ಮೇಲೆ ತೇಲುತ್ತದೆ. ಬಳಿಕ ಹೈಡ್ರೋಜನ್ ಪೆರಾಕ್ಸೈಡಿನಿಂದ ಜೈವಿಕ ವಸ್ತುಗಳನ್ನು ಕರಗಿಸಿ, ಉಳಿದುದನ್ನು ಶೋಧಿಸಿ, ಸೂಕ್ಷ್ಮದರ್ಶಕದಡಿ ಎಣಿಸಲಾಗುತ್ತದೆ. ಆದರೆ ಅಡುಗೆ ಉಪ್ಪಿನ ದ್ರಾವಣದಲ್ಲಿ ಪಾಲಿಥೀನ್ ತೇಲಿದರೂ ನೀರಿನ ಬಾಟಲಿಗೆ ಮತ್ತು ಪಾಲಿಯೆಸ್ಟರ್ ಬಟ್ಟೆಗೆ ಬಳಸುವ ಭಾರವಾದ ಪ್ಲಾಸ್ಟಿಕ್ ಮುಳುಗಿಬಿಡುತ್ತದೆ. ಅದನ್ನು ತೇಲಿಸಬಲ್ಲ ಸತು ಕ್ಲೋರೈಡಿನಂತಹ ಲವಣಗಳು ದುಬಾರಿ, ಜೊತೆಗೆ ವಿಷಕಾರಿ. ಇದಲ್ಲದೆ ಸಂಶೋಧಕನ ಅಂಗಿಯಿಂದ ಉದುರಿದ ಎಳೆಯೂ ಲೆಕ್ಕದೊಳಗೆ ಸೇರಿಕೊಳ್ಳಬಹುದು. ಹತ್ತಿಯ ಉಡುಪು, ಗಾಜಿನ ಪಾತ್ರೆ ಮತ್ತು ಬರಿ ಶುದ್ಧ ನೀರಿನ ತಾಳೆ ಪರೀಕ್ಷೆ ಇವೆಲ್ಲ ಇಲ್ಲಿ ಅನಿವಾರ್ಯ.

ಎಣಿಕೆಯೊಂದೇ ಸಾಲದು, ಕಂಡ ಕಣವು ಪ್ಲಾಸ್ಟಿಕ್ಕೇ ಎಂದು ಸಿದ್ಧಪಡಿಸಬೇಕು. ಅದಕ್ಕೆ ಅತಿಗೆಂಪು ಇಲ್ಲವೆ ರಾಮನ್ ರೋಹಿತಮಾಪಕ ಬೇಕು. ಭಾರತೀಯ ವಿಜ್ಞಾನಿ ಸಿ. ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಪರಿಣಾಮವೇ ಈ ಎರಡನೆಯ ಉಪಕರಣದ ಆಧಾರ. ಸಾಮಾನ್ಯ ಕಾಲೇಜುಗಳಿಗೆ ಇವು ಎಟುಕುವಂಥವಲ್ಲ. ಪೊವಾಯಿಯ ಐಐಟಿಯಂತಹ ಸಂಸ್ಥೆಗಳ ಉಪಕರಣ ಕೇಂದ್ರಗಳಲ್ಲಿ ಶುಲ್ಕ ಕಟ್ಟಿ ಸರದಿಗಾಗಿ ಕಾಯಬೇಕು. ದೇಶದ ಸಂಶೋಧನಾ ಉಪಕರಣಗಳನ್ನು ಹಂಚಿಕೊಳ್ಳಲು 2020ರಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡ ಐ-ಸ್ಟೆಮ್ ವ್ಯವಸ್ಥೆಯು ಇಂತಹವರಿಗೆ ಒಂದು ಆಸರೆ.

ಮೂರನೆಯದು ಜೀವನೋಪಾಯದ ಪ್ರಶ್ನೆ. 2023ರ ಪರಿಷ್ಕರಣೆಯಂತೆ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ನಂತರ ಹಿರಿಯ ವೇತನ 42,000 ರೂಪಾಯಿ. ಇದು ಸಕಾಲಕ್ಕೆ ಕೈಸೇರಿದರೆ ಸಂಸಾರ ಸಾಗೀತು. ತಡವಾದರೆ ಮನೆಬಾಡಿಗೆ, ದೋಣಿಯ ಬಾಡಿಗೆ ಎರಡೂ ಸಾಲವಾಗುತ್ತವೆ. ವೇತನದ ಅವಧಿ ಮುಗಿದ ಮೇಲೆ ಸ್ಥಿರವಾದ ಹುದ್ದೆ ದೊರೆಯದಿದ್ದರೆ ಕೈಪಳಗಿದ ಸಂಶೋಧಕರು ಬೇರೆ ಉದ್ಯೋಗಕ್ಕೆ ಹೊರಟುಹೋಗುತ್ತಾರೆ.

ಇದರಿಂದಾಗುವ ನಷ್ಟ ಎಂತಹುದು? ಮಹಾರಾಷ್ಟ್ರವು 2018ರಲ್ಲಿ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳ ನಿಷೇಧ ದೇಶದಾದ್ಯಂತ ಜಾರಿಗೆ ಬಂದಿತು. ಈ ಕ್ರಮಗಳಿಂದ ಖಾಡಿಯ ಕೆಸರು ಶುದ್ಧವಾಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಅದೇ ಸ್ಥಳದಲ್ಲಿ, ಅದೇ ವಿಧಾನದಿಂದ ಹತ್ತಾರು ವರ್ಷ ಅಳೆಯಬೇಕು. ವರ್ಸೋವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಸಂಶೋಧಕರು ಮುಂಬಯಿಯ ಕಡಲತೀರಗಳ ಪ್ಲಾಸ್ಟಿಕ್ ಚೂರುಗಳ ಪ್ರಮಾಣವನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಅಂತಹ ಹಿಂದಿನ ಲೆಕ್ಕಗಳಿದ್ದರೆ ಮಾತ್ರ ಇಂದಿನದನ್ನು ಹೋಲಿಸಲು ಸಾಧ್ಯ. ಒಬ್ಬರು ಲೀಟರಿಗೆ, ಮತ್ತೊಬ್ಬರು ಕಿಲೋಗ್ರಾಮಿಗೆ ಎಣಿಸಿದರೆ ಹೋಲಿಕೆ ಕೆಡುತ್ತದೆ. ಪರಿಸರದ ಸೂಕ್ಷ್ಮ ಪ್ಲಾಸ್ಟಿಕ್ ವಿಶ್ಲೇಷಣೆಯ ತತ್ವಗಳನ್ನು ಕುರಿತ ಅಂತರರಾಷ್ಟ್ರೀಯ ಮಾನಕವು ಹೊರಬಂದದ್ದೇ 2023ರಲ್ಲಿ.

ಕೊನೆಯದಾಗಿ, ಜನರಿಗೆ ತಿಳಿಸುವ ಹೊಣೆ. ಕುಡಿಯುವ ನೀರಿನ ಸೂಕ್ಷ್ಮ ಪ್ಲಾಸ್ಟಿಕ್ಕಿನಿಂದ ಆರೋಗ್ಯಕ್ಕಾಗುವ ಪರಿಣಾಮಗಳ ಬಗ್ಗೆ ಪುರಾವೆ ಸೀಮಿತವಾಗಿದೆ, ಹೆಚ್ಚಿನ ಸಂಶೋಧನೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಮೀನಿನ ಕರುಳಿನಲ್ಲಿ ಕಣ ಕಂಡಿತೆಂದು ಸಂಶೋಧಕನು ಉತ್ಪ್ರೇಕ್ಷಿಸಿದರೆ ಕೋಳಿ ಹೆಂಗಸಿನ ಬುಟ್ಟಿಯ ಮೀನು ಮಾರಾಟವಾಗದೆ ಉಳಿಯುತ್ತದೆ. ಮೌನ ತಾಳಿದರೆ ಮಾಲಿನ್ಯ ಬೆಳೆಯುತ್ತದೆ. ಕಂಡಷ್ಟನ್ನು ಕಂಡಂತೆ ಹೇಳುವ ಧೈರ್ಯಕ್ಕೆ ಹಿರಿಯರ ಬೆಂಬಲ ಬೇಕು.

ಆದ್ದರಿಂದ ಸಕಾಲಿಕ ವೇತನ, ಉಪಕರಣಗಳ ಹಂಚಿಕೆ, ತ್ವರಿತ ಅನುಮತಿ ಮತ್ತು ದೀರ್ಘಕಾಲದ ಮಾಪನ ಕೇಂದ್ರಗಳು ಇಂದಿನ ಅಗತ್ಯಗಳಾಗಿವೆ. ನಾಗರಿಕರಾದ ನಾವು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಿ, ಚರಂಡಿಗೆ ಪ್ಲಾಸ್ಟಿಕ್ ಸೇರದಂತೆ ನೋಡಿಕೊಳ್ಳಬಹುದು. ಒಡೆದು ಕಣವಾದ ಪ್ಲಾಸ್ಟಿಕ್ಕನ್ನು ಖಾಡಿಯಿಂದ ಮರಳಿ ಆರಿಸುವುದು ಸಾಧ್ಯವಿಲ್ಲ. ಇಡಿಯಾಗಿರುವಾಗಲೇ ಅದನ್ನು ತಡೆಯುವುದು ನಮ್ಮ ಕೈಯಲ್ಲಿದೆ.