ಒಡೆಯನೂ ಒಡೆಯುವುದೂ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ಮೈಸೂರಿನ ಯಾದವಗಿರಿಯ ಒಂದು ಮನೆ ತಿಳಿಸಿಕೊಟ್ಟಿದೆ. ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದ ಆರ್. ಕೆ. ನಾರಾಯಣರ ಮನೆ ಅದು.

ನಾರಾಯಣರು ಹುಟ್ಟಿದ್ದು 1906ರಲ್ಲಿ, ಮದರಾಸಿನಲ್ಲಿ. ತಂದೆಯವರು ಮೈಸೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದರು. ಕುಟುಂಬ ಬಹುಕಾಲ ಬಾಡಿಗೆಯ ಮನೆಯಲ್ಲೇ ಇದ್ದಿತು. 1935ರಲ್ಲಿ ಮೊದಲ ಕಾದಂಬರಿ ಅಚ್ಚಾಯಿತು. ಸ್ವಂತ ಸೂರು ಕೂಡಿಬರಲು ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1940ರ ದಶಕದ ಕೊನೆಗೆ ತೊಡಗಿದ ಕಟ್ಟಡದ ಕೆಲಸ ಕುಂಟುತ್ತ ಸಾಗಿ 1950ರ ದಶಕದ ಆದಿಯಲ್ಲಿ ಮುಗಿಯಿತು.

ಅರಮನೆಯ ಬೆಡಗು ಇದಕ್ಕಿಲ್ಲ. ಎರಡು ಅಂತಸ್ತಿನ ಮನೆ. ಒಂದೆಡೆ ಗೋಡೆ ಅರ್ಧವೃತ್ತವಾಗಿ ಮುಂದಕ್ಕೆ ಬಾಗಿದೆ. ಮಹಡಿಯಲ್ಲಿ ಆ ಬಾಗಿನೊಳಗೇ ಬರೆಯುವ ಕೋಣೆ, ಅದಕ್ಕೆ ಎಂಟು ಕಿಟಕಿಗಳು. ಸುತ್ತಲೂ ಬಯಲಿದ್ದ ಆ ಕಾಲದಲ್ಲಿ ಕಿಟಕಿಯಿಂದಲೇ ಚಾಮುಂಡಿಬೆಟ್ಟ ಕಾಣುತ್ತಿತ್ತು.

ಕಡೆಗಾಲದಲ್ಲಿ ನಾರಾಯಣರು ಮದರಾಸಿಗೆ ಹೋದರು, 2001ರಲ್ಲಿ ತೀರಿಕೊಂಡರು. ಮನೆ ಮಾರಾಟವಾಯಿತು. 2011ರಲ್ಲಿ ಕೆಡವುವ ಕೆಲಸ ಆರಂಭವಾಗಿ ಒಂದಷ್ಟು ಭಾಗ ನೆಲಕ್ಕುರುಳಿತು. ಸುದ್ದಿ ಪತ್ರಿಕೆಗಳಲ್ಲಿ ಬಂದಿತು, ಊರು ಎಚ್ಚೆತ್ತಿತು, ಕೆಲಸ ನಿಂತಿತು. ಬಳಿಕ ನಗರಪಾಲಿಕೆಯೇ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಕೆಡವಿದವರನ್ನು ದೂರುವುದು ಸುಲಭ. ಆದರೆ ಕ್ರಯಪತ್ರ ಅವರ ಕೈಯಲ್ಲಿತ್ತು. 'ಒಡೆಯ' ಎಂದರೆ ಉಳ್ಳವನು. 'ಒಡೆ' ಎಂದರೆ ಮುರಿ. ಇವೆರಡು ಬೇರೆ ಬೇರೆ ಮಾತುಗಳು. ಆದರೂ ಒಡೆಯನಿಗೆ ಒಡೆಯುವ ಹಕ್ಕಿಲ್ಲವೆಂದು ಹೇಳಲು ಊರಿಗೆ ಏನು ಅಧಿಕಾರ? ಬರಿಯ ಕೂಗಿನಿಂದ ಆ ಅಧಿಕಾರ ಬರಲಾರದು. ಬೆಲೆ ತೆತ್ತು ಕೊಂಡದ್ದೇ ನ್ಯಾಯವೆಂದು ನನಗೆ ತೋರುತ್ತದೆ.

ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡ ಜನರ ಹಣವೇಕೆ ಎಂದು ಕೆಲವು ಕನ್ನಡ ಸಾಹಿತಿಗಳು ಆಗ ಕೇಳಿದರು. ಕನ್ನಡ ಪಾಠ ಹೇಳುವ ನನಗೂ ಆ ಮಾತು ಹಿಡಿಸಿತ್ತು. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಮಹಡಿಯ ಕಿಟಕಿಯ ಬಳಿ ನಿಂತಿದ್ದ ಹುಡುಗನೊಬ್ಬ, "ಸಾರ್, ನಮ್ಮ ಪುಸ್ತಕದಲ್ಲಿರುವ ಕವಿಗಳ ಮನೆಗಳೂ ಹೀಗೆ ಇವೆಯೆ?" ಎಂದು ಕೇಳಿದ. ಎಲ್ಲವೂ ಇವೆಯೆಂದು ಹೇಳಲು ನನಗೆ ನಾಲಗೆ ಬರಲಿಲ್ಲ. ಈ ಮನೆ ಉಳಿದದ್ದು ತಪ್ಪಲ್ಲ; ಉಳಿದವನ್ನು ನಾವು ಮರೆತದ್ದು ತಪ್ಪು.

ತಮ್ಮ ಬೀದಿಯಲ್ಲೂ ಹಳೆಯ ಮನೆಯೊಂದು ಇದ್ದೀತು. ಕಟ್ಟಿಸಿದವರಾರು, ಕಟ್ಟಿದ ಮೇಸ್ತ್ರಿ ಯಾರು, ಯಾವ ಇಸವಿ, ಯಾರಿಂದ ಯಾರ ಕೈಗೆ ಬಂದಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ. ಸುದ್ದಿ ತಿಳಿಯುವ ವೇಳೆಗೆ ಗುದ್ದಲಿ ಬಿದ್ದಿರಬಾರದು.