ಮಲೆನಾಡಿಗೆ ಬರುವ ಉಲಿಯಕ್ಕಿ



ಇವತ್ತು ನಾನು ಮಾತಾಡಬೇಕೆಂದಿರುವುದು ಬಹಳ ಸಣ್ಣ ಹಕ್ಕಿಯೊಂದರ ಬಗ್ಗೆ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 13 ಸೆಂಟಿಮೀಟರ್. ಬೆನ್ನು ಎಲೆಯ ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಉದ್ದನೆಯ ತಿಳಿಹಳದಿ ಹುಬ್ಬು. ಬಳಗದ ಬೇರೆ ಹಕ್ಕಿಗಳಿಗಿಂತ ಕೊಕ್ಕು ಕೊಂಚ ದಪ್ಪ. ಹೆಸರು ದೊಡ್ಡಕೊಕ್ಕಿನ ಎಲೆ ಉಲಿಯಕ್ಕಿ. ಎತ್ತರದ ಮರಗಳ ತಲೆಯಲ್ಲಿ ಎಲೆಯಿಂದ ಎಲೆಗೆ ಸರಿಯುತ್ತ ಹುಳು ಹೆಕ್ಕುವ ಇದು ಕಣ್ಣಿಗೆ ಸಿಗುವುದು ಕಷ್ಟ. ಕಿವಿಗೆ ಸಿಗುತ್ತದೆ. ಎರಡೇ ಸ್ವರದ ಕೂಗು, ಎರಡನೆಯ ಸ್ವರ ಮೊದಲನೆಯದಕ್ಕಿಂತ ಮೇಲೆ.

ಇದರ ತವರು ಹಿಮಾಲಯ. ಬೇಸಿಗೆಯಲ್ಲಿ ಅಲ್ಲಿನ ತೊರೆಗಳ ಪಕ್ಕ, ಮರದ ಬೇರಿನ ಸಂದಿಯಲ್ಲೋ ದರೆಯ ಪೊಟರೆಯಲ್ಲೋ ಪಾಚಿಯ ಗೂಡು ಕಟ್ಟಿ ಬಿಳಿ ಮೊಟ್ಟೆ ಇಡುತ್ತದೆ. ನೀರಿನ ಭೋರ್ಗರೆತವನ್ನೂ ಮೀರಿ ಕೇಳುವ ಹಾಡು ಅದರದು. ಚಳಿ ಹತ್ತಿರವಾದಾಗ ಇಡೀ ಭಾರತವನ್ನು ದಾಟಿ ಪಶ್ಚಿಮಘಟ್ಟಕ್ಕೆ, ಶ್ರೀಲಂಕಾಕ್ಕೆ ಬರುತ್ತದೆ. ನಮ್ಮ ಮಳೆ ಹಿಂದೆಗೆದ ಮೇಲೆ ಬಂದು ಬೇಸಿಗೆ ಬಲಿಯುವ ಹೊತ್ತಿಗೆ ಹೊರಡುತ್ತದೆ. ಎಂದರೆ ವರ್ಷದ ಅರ್ಧದಷ್ಟು ಕಾಲ ಅದು ನಮ್ಮ ಘಟ್ಟದ ಹಕ್ಕಿಯೇ.

1843ರಲ್ಲಿ ಇದನ್ನು ಬೇರೆಯೇ ಪ್ರಭೇದವೆಂದು ಗುರುತಿಸಿ ಹೆಸರಿಟ್ಟವರು ಎಡ್ವರ್ಡ್ ಬ್ಲೈತ್, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು. ಅವರ ಮುಂದೆ ಇದ್ದದ್ದು ಸತ್ತ ಹಕ್ಕಿಗಳ ಒಣ ಚರ್ಮ. ಎಲೆ ಉಲಿಯಕ್ಕಿಗಳೋ ಒಂದರಂತೆ ಇನ್ನೊಂದು. ಚರ್ಮವನ್ನಷ್ಟೇ ನೋಡಿ ಬಿಡಿಸುವುದು ಸುಲಭದ ಕೆಲಸವಲ್ಲ. ಮುಂದೆ ಈ ಗುಂಪಿನ ಬೆನ್ನು ಹತ್ತಿದವರು ಡಬ್ಲ್ಯು. ಇ. ಬ್ರೂಕ್ಸ್ ಎಂಬ ರೈಲ್ವೆ ಎಂಜಿನಿಯರ್. ಅವರು 1870ರ ದಶಕದಲ್ಲಿ ಈ ಬಳಗದ ಇನ್ನೊಂದು ಹಕ್ಕಿಯನ್ನು ವಿವರಿಸಿದರು. ಇಂದಿಗೂ ಅದಕ್ಕೆ ಬ್ರೂಕ್ಸ್ ಅವರ ಹೆಸರೇ ಇದೆ. ನಮ್ಮ ಸೀಮೆಗೆ ಬಂದರೆ, 1939–40ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು.

ಆದರೆ ವಲಸೆ ಹಕ್ಕಿಗಳ ಚರಿತ್ರೆಯಲ್ಲಿ ಶಿವಮೊಗ್ಗ ಜಿಲ್ಲೆಯ ಹೆಸರು ದೊಡ್ಡದಾಗಿ ಬಂದದ್ದು ಒಂದು ಕಾಯಿಲೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು, ಹಲವರು ತೀರಿಕೊಂಡರು. ನಾವೆಲ್ಲ ಮಂಗನ ಕಾಯಿಲೆ ಎಂದು ಕರೆಯುವುದು ಇದನ್ನೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾದ ಕಾಡುಗಳಲ್ಲಿ ಮೆದುಳುಜ್ವರ ತರುವ ವೈರಾಣುವಿನ ಹತ್ತಿರದ ಸಂಬಂಧಿಯಾಗಿತ್ತು. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ನಡುವೆ ಓಡಾಡುವವು ವಲಸೆ ಹಕ್ಕಿಗಳು. ಅವುಗಳ ಮೈಗೆ ಅಂಟಿದ ಉಣ್ಣಿಗಳೇ ಕಾಯಿಲೆಯನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು.

ಈ ಅನುಮಾನದಿಂದ ಒಂದು ಒಳ್ಳೆಯ ಕೆಲಸ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕಛ್‌ನಲ್ಲಿ, ಆಮೇಲೆ ಭರತಪುರದಲ್ಲಿ ಬಲೆ ಕಟ್ಟಿ ಹಕ್ಕಿಗಳನ್ನು ಹಿಡಿದು, ಮೈಮೇಲಿನ ಉಣ್ಣಿ ಹೆಕ್ಕಿ, ಕಾಲಿಗೆ ಅಂಕಿಯ ಉಂಗುರ ತೊಡಿಸಿ ಹಾರಿಬಿಟ್ಟರು. ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ, ಯಾವ ದಾರಿಯಲ್ಲಿ ಹೋಗುತ್ತವೆ ಎಂಬ ನಮ್ಮ ತಿಳಿವಳಿಕೆಯ ಬಹುಪಾಲು ಈ ಉಂಗುರಗಳಿಂದ ಬಂದದ್ದು. ಹಕ್ಕಿಗಳು ಕಾಯಿಲೆ ತಂದವು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ವೈರಾಣು ನಮ್ಮ ಕಾಡಿನ ಉಣ್ಣಿಗಳಲ್ಲೇ, ಸಣ್ಣ ಪ್ರಾಣಿಗಳಲ್ಲೇ ನೆಲೆ ಮಾಡಿಕೊಂಡಿತ್ತು. ಕಾಡು ಕಡಿದು ಜನ, ದನ ಒಳಹೊಕ್ಕ ಜಾಗಗಳಲ್ಲಿ ಅದು ಹೊರಗೆ ಬಂತು. ಅತಿಥಿಯ ಮೇಲೆ ಹೊರಿಸಿದ ಆರೋಪ ಸುಳ್ಳಾಯಿತು ಎನ್ನುವುದನ್ನು ನಮ್ಮ ಜಿಲ್ಲೆಯವರಾದರೂ ನೆನಪಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಅತಿಥಿಗೆ ನಮ್ಮಲ್ಲಿ ಏನು ಬೇಕು? ಚಳಿಗಾಲದಲ್ಲಿ ಉಲಿಯಕ್ಕಿ ಗುಂಪು ಕಟ್ಟುವುದಿಲ್ಲ. ಒಂದೊಂದೂ ತನ್ನ ಪಾಲಿನ ಕೆಲವು ಮರಗಳನ್ನು ಹಿಡಿದುಕೊಂಡು, ಕೂಗಿ ಕೂಗಿ ಬೇರೆಯವನ್ನು ದೂರ ಇಡುತ್ತದೆ. ಆ ಎರಡು ಸ್ವರದ ಅರ್ಥವೇ ‘ಇದು ನನ್ನ ಜಾಗ’ ಎಂದು. ಇದರ ಮತ್ತು ಇದರ ತಂಗಿಯಂಥ ತಿಳಿಹಸಿರು ಉಲಿಯಕ್ಕಿಯ ಚಳಿಗಾಲದ ಬದುಕನ್ನು ಪಕ್ಷಿವಿಜ್ಞಾನಿಗಳಾದ ಮಧುಸೂದನ ಕಟ್ಟಿ, ಟ್ರೆವರ್ ಪ್ರೈಸ್ ಅವರು ತಮಿಳುನಾಡಿನ ಕಳಕ್ಕಾಡು–ಮುಂಡಂತುರೈ ಕಾಡಿನಲ್ಲಿ ಕೂತು ಅಧ್ಯಯನ ಮಾಡಿದ್ದಾರೆ. ಹೀಗೆ ಜಾಗ ಹಂಚಿಕೊಂಡು ಬಾಳುವ ಹಕ್ಕಿಗೆ ಮರ ಹೋದರೆ ಪಕ್ಕದ ಮರಕ್ಕೆ ಹೋಗಿ ಕೂರಲಾಗುವುದಿಲ್ಲ. ಅಲ್ಲಿ ಆಗಲೇ ಇನ್ನೊಂದು ಇರುತ್ತದೆ.

ಈಗ ನಮ್ಮ ಕಾಡಿನ ಕಥೆ ನೋಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿಯತೊಡಗಿದಾಗ ಅದಕ್ಕೆ ಬೇಕಾದದ್ದು ಇದ್ದಿಲು. ಇದ್ದಿಲಿಗೆ ಸುತ್ತಲಿನ ಕಾಡಿನ ಮರ. 1936ರಲ್ಲಿ ಅಲ್ಲೇ ಕಾಗದದ ಕಾರ್ಖಾನೆ ಬಂತು. 1964ರಲ್ಲಿ ಲಿಂಗನಮಕ್ಕಿ, ಮರುವರ್ಷ ಭದ್ರಾ ಅಣೆಕಟ್ಟೆ. ಕಣಿವೆಯ ಕಾಡುಗಳು ನೀರಿನಡಿ ಹೋದವು. ಆಮೇಲೆ ಕಾಗದಕ್ಕೆಂದು ಸಾವಿರಾರು ಎಕರೆಯಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ಭದ್ರಾವತಿಯ ಎಷ್ಟೋ ಮನೆಗಳು ಆ ಕಾರ್ಖಾನೆಗಳ ಸಂಬಳದಿಂದ ಬೆಳೆದಿವೆ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಒಂದೇ ಜಾತಿಯ ಮರ ತುಂಬಿದ ತೋಪು ಹುಳು ತಿನ್ನುವ ಹಕ್ಕಿಗೆ ಕಾಡಲ್ಲ. ಅದಕ್ಕೆ ನೂರು ಬಗೆಯ ಎಲೆ ಬೇಕು, ಎಲೆಗೆ ತಕ್ಕ ಹುಳು ಬೇಕು. ಹಿಮಾಲಯದ ಕಾಡೂ ಮೊದಲಿನಂತಿಲ್ಲ. ಎರಡು ಕಡೆ ಬಾಳುವ ಹಕ್ಕಿಗೆ ಎರಡು ಕಡೆಯ ಪೆಟ್ಟೂ ತಾಗುತ್ತದೆ.

ಫೆಬ್ರವರಿ 2020ರಲ್ಲಿ ‘ಭಾರತದ ಹಕ್ಕಿಗಳ ಸ್ಥಿತಿ’ ಎಂಬ ವರದಿ ಗಾಂಧಿನಗರದಲ್ಲಿ ಬಿಡುಗಡೆಯಾಯಿತು. 867 ಜಾತಿಗಳನ್ನು ಪರಿಶೀಲಿಸಿದ ವರದಿ ಅದು. ಕಾಲು ಶತಮಾನದಲ್ಲಿ ಅತಿ ಹೆಚ್ಚು ಕುಸಿದ ಹಕ್ಕಿಗಳ ಸಾಲಿನಲ್ಲಿ ರಣಹದ್ದುಗಳ ಜೊತೆಗೇ ದೊಡ್ಡಕೊಕ್ಕಿನ ಉಲಿಯಕ್ಕಿಯ ಹೆಸರಿತ್ತು. ರಣಹದ್ದು ಕಾಣೆಯಾದದ್ದು ದೇಶಕ್ಕೆಲ್ಲ ಗೊತ್ತಾಯಿತು. ಸತ್ತ ದನ ಕೊಳೆಯುತ್ತ ಬಿದ್ದಿರುವುದು ಎಲ್ಲರಿಗೂ ಕಾಣಿಸಿತು. ಎಲೆಮರೆಯ ಹಕ್ಕಿ ಕಡಿಮೆಯಾದರೆ ಕಾಣಿಸುವಂಥದ್ದು ಏನೂ ಇಲ್ಲ. ಉತ್ತರ ಏಷ್ಯಾದಲ್ಲಿ ಹಳದಿ ಎದೆಯ ಕಾಳುಗುಬ್ಬಿ ಎಂಬ ವಲಸೆ ಹಕ್ಕಿ 1980ರಿಂದ 2013ರೊಳಗೆ ಶೇಕಡಾ 84ರಿಂದ 95ರಷ್ಟು ಇಲ್ಲವಾಯಿತು. ಅಲ್ಲಿ ಕಾರಣ ಸ್ಪಷ್ಟ: ಚೀನಾದಲ್ಲಿ ತಿನ್ನಲೆಂದು ಬಲೆ ಹಾಕಿ ಹಿಡಿದರು. ನಮ್ಮ ಉಲಿಯಕ್ಕಿಯನ್ನು ಯಾರೂ ಹಿಡಿಯುವುದಿಲ್ಲ, ಯಾರೂ ತಿನ್ನುವುದಿಲ್ಲ. ಆದರೂ ಕುಸಿಯಿತು. ನನ್ನನ್ನು ಹೆಚ್ಚು ಕಾಡುವುದು ಇದೇ.

2020ರ ಆ ವರದಿಗೆ ಆಧಾರವಾದದ್ದು 15,000ಕ್ಕೂ ಹೆಚ್ಚು ಹಕ್ಕಿಪ್ರಿಯರು ಬರೆದಿಟ್ಟ ಒಂದು ಕೋಟಿಗೂ ಮೀರಿದ ದಾಖಲೆಗಳು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ ಆರಂಭವಾದ ‘ಮೈಗ್ರಂಟ್‌ವಾಚ್’ ಎಂಬ ಯೋಜನೆ ಇಂಥ ಅಭ್ಯಾಸಕ್ಕೆ ದಾರಿ ಮಾಡಿತು. ಈಗ ಹಕ್ಕಿ ದಾಖಲೆಗಳನ್ನು ಕೂಡಿಡುವ ಇ-ಬರ್ಡ್ ಇದೆ, ಮೊಬೈಲ್‌ನಲ್ಲೇ ಬರೆಯಬಹುದು, ಖರ್ಚಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶವೆಲ್ಲ ಸೇರಿ ಹಕ್ಕಿ ಎಣಿಸುತ್ತದೆ. ಉಂಬ್ಳೆಬೈಲು, ಸಕ್ರೆಬೈಲು, ಅರಸಾಳು, ಆಗುಂಬೆಯ ಕಡೆಯ ಕೇಳುಗರು, ಅದರಲ್ಲೂ ಶಾಲೆಯ ಮೇಷ್ಟ್ರುಗಳು, ಕಾಡಿನ ಅಂಚಿನಲ್ಲಿ ಹದಿನೈದು ನಿಮಿಷ ನಿಂತು ಕೇಳಿದ್ದನ್ನೆಲ್ಲ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ. ಶಿವಮೊಗ್ಗದ ಕೋಟೆಯ ಸುತ್ತಲಿನವರೂ ಬರೆಯಬಹುದು. ತಿಳಿಹಸಿರು ಉಲಿಯಕ್ಕಿ ಪೇಟೆಯ ಮರಗಳಿಗೂ ಬರುತ್ತದೆ. ಕೇಳಿದ ಹಕ್ಕಿಗಳ ಪಟ್ಟಿ ಪೂರ್ತಿಯಾಗಿರಲಿ, ಒಂದನ್ನೂ ಬಿಡಬೇಡಿ. ದೊಡ್ಡಕೊಕ್ಕಿನ ಉಲಿಯಕ್ಕಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕುಸಿತವನ್ನು ಅಳೆದದ್ದೇ ಹಾಗೆ.